ಟ್ರೆಮೊಲೊ ಬ್ರಿಡ್ಜ್: ಶ್ರುತಿ ದೋಷ ಮತ್ತು ದುರಸ್ತಿ

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಕೆಳತುದಿಯನ್ನು ಹಿಡಿದಿರುವ ಬ್ರಿಡ್ಜ್ ಒಡಲಿಗೆ ಬಿಗಿಯಾಗಿ ಕೂಡದೆ, ಅದಕ್ಕೆ ಸಿಕ್ಕಿಸಿದ ಬಾರ್ ಎಂಬ ಹಿಡಿಕೆಯನ್ನು ಒತ್ತಿದಾಗ ಮುಂದಕ್ಕೆ, ಎಳೆದಾಗ ಹಿಂದಕ್ಕೆ ವಾಲುವಂತಿದ್ದರೆ ಅದನ್ನು ಟ್ರೆಮೊಲೊ ಬ್ರಿಡ್ಜ್ ಎನ್ನುತ್ತಾರೆ. ಬಾರ್ ಒತ್ತಿದರೆ ಆರೂ ತಂತಿಗಳು ಒಟ್ಟಿಗೆ ಸಡಿಲವಾಗಿ ಸ್ವರ ಇಳಿಯುತ್ತದೆ, ಎಳೆದರೆ ಬಿಗಿದು ಏರುತ್ತದೆ. ಬೆರಳಿನಿಂದ ಒಂದೊಂದೇ ತಂತಿಯಲ್ಲಿ ಹೊಮ್ಮಿಸಬಹುದಾದ ಕಂಪನವನ್ನೂ ಜಾರನ್ನೂ ಇಡೀ ವಾದ್ಯದಲ್ಲಿ ಏಕಕಾಲಕ್ಕೆ ತರುವುದು ಇದರ ಕೆಲಸ. ಬಾರ್ ಬಿಟ್ಟ ಮೇಲೆ ತಂತಿಗಳು ಮೊದಲಿನ ಸ್ವರಕ್ಕೆ ಸರಿಯಾಗಿ ಮರಳುವುದಿಲ್ಲ ಎಂಬ ದೂರು ಈ ಬ್ರಿಡ್ಜಿನಷ್ಟೇ ಹಳೆಯದು. ಆರೋಪ ಸಾಮಾನ್ಯವಾಗಿ ಮೊದಲು ತಂತಿ ಬಿಗಿಯುವ ಟ್ಯೂನರ್‌ಗಳ ಮೇಲೆ, ಆಮೇಲೆ ಸ್ಪ್ರಿಂಗ್‌ಗಳ ಮೇಲೆ, ಕೊನೆಗೆ ಇಡೀ ಬ್ರಿಡ್ಜಿನ ಮೇಲೆ ಬರುತ್ತದೆ. ಒಂದೊಂದನ್ನೇ ಕೊಂಡು ಬದಲಾಯಿಸುತ್ತ ಹೋಗುವುದು ರೂಢಿ. ಆದರೆ ದೋಷದ ಬಹುಪಾಲು ಇರುವುದು ಘರ್ಷಣೆಯಲ್ಲಿ, ಅದರಲ್ಲೂ ಬ್ರಿಡ್ಜಿನಿಂದ ಎರಡು ಅಡಿ ಆಚೆ, ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ನಟ್‌ನಲ್ಲಿ. ಶ್ರುತಿ ಯಾವ ದಿಕ್ಕಿಗೆ ತಪ್ಪಿದೆ, ಎಷ್ಟು ತಂತಿಗಳಲ್ಲಿ ತಪ್ಪಿದೆ ಎಂಬ ಎರಡು ಸಂಗತಿಗಳನ್ನು ಗಮನಿಸಿದರೆ ಘರ್ಷಣೆ ಎಲ್ಲಿದೆ ಎಂಬುದನ್ನು ಒಂದು ಸ್ಕ್ರೂ ಕೂಡ ಬಿಚ್ಚದೆ ಊಹಿಸಬಹುದು.

ಇಂಥ ಸಾಧನಗಳು ಅಮೆರಿಕದಲ್ಲಿ 1930ರ ದಶಕದಿಂದಲೇ ಬಳಕೆಯಲ್ಲಿದ್ದವು. ಡಾಕ್ ಕೌಫ್‌ಮನ್ ರೂಪಿಸಿದ ವೈಬ್ರೋಲಾ, ಅದಾದ ಮೇಲೆ ಪಾಲ್ ಬಿಗ್ಸ್‌ಬಿ ತಯಾರಿಸಿದ ಸಾಧನ, ಎರಡೂ ಬ್ರಿಡ್ಜನ್ನು ಹಾಗೇ ಬಿಟ್ಟು ತಂತಿಗಳ ಹಿಂತುದಿಯನ್ನು ಅಲುಗಿಸುತ್ತಿದ್ದವು. ಹಾಗಾಗಿ ಬಾರ್ ಆಡಿಸಿದಾಗಲೆಲ್ಲ ತಂತಿ ಬ್ರಿಡ್ಜಿನ ಮೇಲೂ ಉಜ್ಜಬೇಕಿತ್ತು, ನಟ್‌ನಲ್ಲೂ ಉಜ್ಜಬೇಕಿತ್ತು. 1954ರಲ್ಲಿ ಮಾರುಕಟ್ಟೆಗೆ ಬಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಲಿಯೋ ಫೆಂಡರ್ ಬ್ರಿಡ್ಜನ್ನೂ ಹಿಂತುದಿಯನ್ನೂ ಒಂದೇ ತುಂಡಾಗಿ ಮಾಡಿದರು. ಅದಕ್ಕೆ 1956ರಲ್ಲಿ ಪೇಟೆಂಟ್ ಸಿಕ್ಕಿತು. ಈ ರಚನೆಯಲ್ಲಿ ತಂತಿ ಕೂರುವ ಸ್ಯಾಡಲ್ ತಂತಿಯ ಜೊತೆಗೇ ಚಲಿಸುತ್ತದೆ, ಆದ್ದರಿಂದ ಅಲ್ಲಿನ ಉಜ್ಜಾಟ ಬಹುಮಟ್ಟಿಗೆ ಇಲ್ಲವಾಗುತ್ತದೆ. ಇಂದು ಪ್ರಪಂಚದಾದ್ಯಂತ ತಯಾರಾಗುವ ಅಗ್ಗದ, ದುಬಾರಿ ಗಿಟಾರುಗಳಲ್ಲಿ ಕಾಣುವ ಬಹುಪಾಲು ಟ್ರೆಮೊಲೊಗಳು ಇದೇ ಮಾದರಿಯ ಸಂತತಿ. ಉಜ್ಜಾಟದ ಎರಡು ಜಾಗಗಳಲ್ಲಿ ಒಂದನ್ನು ವಿನ್ಯಾಸವೇ ನಿವಾರಿಸಿತು, ಇನ್ನೊಂದು ಉಳಿದುಕೊಂಡಿತು. ಆಮೇಲಿನ ಎಪ್ಪತ್ತು ವರ್ಷಗಳ ತಿದ್ದುಪಡಿಗಳ ಇತಿಹಾಸ ಬಹುಪಾಲು ಉಳಿದ ಆ ಒಂದು ಜಾಗದ ಸುತ್ತ ನಡೆದದ್ದು.

ದುರಸ್ತಿಗೆ ಕೈಹಾಕುವ ಮೊದಲು ಯಾವುದು ದೋಷ, ಯಾವುದು ಸ್ವಭಾವ ಎಂದು ಬೇರ್ಪಡಿಸಿಕೊಳ್ಳಬೇಕು. ಟ್ರೆಮೊಲೊ ಬ್ರಿಡ್ಜಿಗೆ ನಿಗದಿಯಾದ ಸ್ಥಾನವೆಂಬುದಿಲ್ಲ. ಮುಂದಿನಿಂದ ತಂತಿಗಳು ಎಳೆಯುತ್ತವೆ, ಒಡಲಿನ ಹಿಂಬದಿಯ ಗೂಡಿನಿಂದ ಸ್ಪ್ರಿಂಗ್‌ಗಳು ಎಳೆಯುತ್ತವೆ, ನಡುವೆ ಬ್ರಿಡ್ಜ್ ತಕ್ಕಡಿಯ ದಂಡದಂತೆ ಒಂದು ಅಲುಗಿನ ಮೇಲೆ ನಿಂತಿರುತ್ತದೆ. ಸಾಮಾನ್ಯ ಬಳಕೆಯ 10ರಿಂದ 46 ಗೇಜಿನ (ದಪ್ಪದ) ತಂತಿಗಳು ನಟ್‌ನಿಂದ ಬ್ರಿಡ್ಜ್‌ವರೆಗೆ 648 ಮಿಲಿಮೀಟರ್ ಅಳತೆಯ ಗಿಟಾರಿನಲ್ಲಿ ಒಟ್ಟು ಸುಮಾರು 46 ಕಿಲೋಗ್ರಾಂ ಭಾರದಷ್ಟು ಎಳೆಯುತ್ತವೆ; 9ರಿಂದ 42 ಗೇಜಿನವು ಸುಮಾರು 38. ಗೇಜ್ ಬದಲಿಸಿದಾಕ್ಷಣ ಬ್ರಿಡ್ಜ್ ಮುಂದಕ್ಕೋ ಹಿಂದಕ್ಕೋ ವಾಲುವುದು ಈ ಎಂಟು ಕಿಲೋಗ್ರಾಂ ವ್ಯತ್ಯಾಸದಿಂದ. ಒಂದು ತಂತಿಯನ್ನು ಶ್ರುತಿ ಮಾಡಿದರೆ ಉಳಿದ ಐದು ಸ್ವಲ್ಪ ಸರಿಯುತ್ತವೆ. ಒಂದು ತಂತಿಯನ್ನು ಬೆರಳಿನಿಂದ ಬಾಗಿಸಿದರೆ ಉಳಿದವು ಇಳಿಯುತ್ತವೆ. ಒಂದು ತುಂಡಾದರೆ ಉಳಿದವೆಲ್ಲ ಏರುತ್ತವೆ. ಅಂಗೈಯನ್ನು ಬ್ರಿಡ್ಜಿನ ಮೇಲೆ ಭಾರವಾಗಿ ಊರಿದರೂ ಸ್ವರ ಅಲುಗುತ್ತದೆ. ಇವು ಯಾವುವೂ ಕೆಟ್ಟದ್ದರ ಲಕ್ಷಣಗಳಲ್ಲ. ಸಮತೋಲದ ಮೇಲೆ ನಿಂತ ಯಾವ ವಸ್ತುವೂ ಹೀಗೆಯೇ ನಡೆದುಕೊಳ್ಳುತ್ತದೆ. ಶ್ರುತಿ ಮಾಡುವವರು ಆರೂ ತಂತಿಗಳನ್ನು ಮೂರು ನಾಲ್ಕು ಸುತ್ತು ಸರಿಪಡಿಸುತ್ತ ಬಂದರೆ ತಪ್ಪು ಪ್ರತಿ ಸುತ್ತಿಗೂ ಕಿರಿದಾಗಿ ಸಮತೋಲ ನೆಲೆಗೊಳ್ಳುತ್ತದೆ. ನಿಜವಾದ ದೋಷ ಒಂದೇ: ಯಾವುದನ್ನೂ ಬದಲಿಸದೆ ಬಾರ್ ಒತ್ತಿ ಬಿಟ್ಟ ಮೇಲೆ, ಇದ್ದ ಜಾಗಕ್ಕೆ ವಾಪಸ್ ಬಾರದಿರುವುದು.

ವಾಪಸ್ ಬಾರದಿರುವುದಕ್ಕೆ ಘರ್ಷಣೆಯೇ ಕಾರಣ ಎನ್ನಲು ಆಧಾರ ತಪ್ಪಿನ ದಿಕ್ಕಿನಲ್ಲಿದೆ. ಬಾರ್ ಒತ್ತಿದಾಗ ನಟ್ ಮತ್ತು ಬ್ರಿಡ್ಜ್ ನಡುವಿನ ತಂತಿ ಸಡಿಲವಾಗುತ್ತದೆ. ನಟ್‌ನಿಂದ ಟ್ಯೂನರ್‌ವರೆಗಿನ ಚಿಕ್ಕ ತುಂಡು ಮಾತ್ರ ಇನ್ನೂ ಬಿಗಿಯಾಗಿರುವುದರಿಂದ ತಂತಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕೂದಲೆಳೆಯಷ್ಟು ತಂತಿ ನಟ್ ದಾಟಿ ಟ್ಯೂನರ್‌ಗಳಿರುವ ಹೆಡ್‌ಸ್ಟಾಕ್ ಕಡೆಗೆ ಜಾರುತ್ತದೆ. ಬಾರ್ ಬಿಟ್ಟಾಗ ಅದೇ ತಂತಿ ಹಿಂದಕ್ಕೆ ಜಾರಿ ಬರಬೇಕು. ನಟ್‌ನ ಗಾಡಿ, ಅಂದರೆ ತಂತಿ ಕೂರುವ ತೋಡು, ಅದನ್ನು ಹಿಡಿದುಕೊಂಡರೆ ನುಡಿಯುವ ಭಾಗಕ್ಕೆ ತಂತಿ ಕೊರತೆಯಾಗಿ ಸ್ವರ ಏರಿ ನಿಲ್ಲುತ್ತದೆ. ಬಾರ್ ಮೇಲಕ್ಕೆ ಎಳೆದರೆ ಇದಕ್ಕೆ ವಿರುದ್ಧ: ಹೆಚ್ಚುವರಿ ತಂತಿ ಬ್ರಿಡ್ಜ್ ಕಡೆಗೆ ಬಂದು ಉಳಿದು ಸ್ವರ ಇಳಿಯುತ್ತದೆ. ಸವೆದ ಸ್ಪ್ರಿಂಗ್ ಅಥವಾ ಜಾರುವ ಟ್ಯೂನರ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅವುಗಳಿಂದ ಬರುವ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ, ಅಂದರೆ ಇಳಿಯುವ ಕಡೆಗೆ, ಕೂಡುತ್ತ ಹೋಗುತ್ತದೆ. ಒತ್ತಿದರೆ ಏರಿ, ಎಳೆದರೆ ಇಳಿದು ನಿಲ್ಲುವ ತಂತಿ ತನ್ನ ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದೇ ಅರ್ಥ. ಇದರ ಜೊತೆಗೆ ಎಣಿಕೆಯನ್ನೂ ನೋಡಬೇಕು. ಒಂದೆರಡು ತಂತಿಗಳು ಮಾತ್ರ ಹೀಗೆ ಮಾಡಿದರೆ ತೊಂದರೆ ಆ ತಂತಿಗಳ ದಾರಿಯಲ್ಲಿದೆ. ಆರೂ ಒಟ್ಟಿಗೆ ಒಂದೇ ಕಡೆಗೆ ಸರಿದರೆ ಬ್ರಿಡ್ಜ್ ನಿಂತಿರುವ ಅಲುಗಿನಲ್ಲಿದೆ.

ನಟ್‌ನಂಥ ಸಣ್ಣ ವಸ್ತುವಿನ ಘರ್ಷಣೆ ಕಿವಿಗೆ ಕೇಳುವಷ್ಟು ತಪ್ಪು ಮಾಡಬಲ್ಲುದೇ ಎಂಬ ಸಂದೇಹ ಸಹಜ. ಲೆಕ್ಕ ಹಾಕಿ ನೋಡಬಹುದು. ಮೇಲ್ಮೈಯೊಂದರ ಮೇಲೆ ಬಾಗಿ ಹಾಯುವ ಹಗ್ಗದ ಎರಡು ಬದಿಯ ಎಳೆತಗಳು ಎಷ್ಟರಮಟ್ಟಿಗೆ ಬೇರೆಯಾಗಿರಬಹುದು ಎಂಬುದಕ್ಕೆ ಆಯ್ಲರ್ ಹೆಸರಿನ ಹಳೆಯ ಸೂತ್ರವಿದೆ. ಅದು ಬಾಗಿದ ಕೋನ ಮತ್ತು ಘರ್ಷಣಾಂಕವನ್ನು ಅವಲಂಬಿಸಿದೆ. ನಟ್‌ನಲ್ಲಿ ತಂತಿ 10 ಡಿಗ್ರಿ ಬಾಗಿದೆ, ಘರ್ಷಣಾಂಕ 0.2 ಎಂದಿಟ್ಟುಕೊಂಡರೆ ಎರಡು ಬದಿಗಳ ನಡುವೆ ಶೇಕಡ 3.5ರಷ್ಟು ವ್ಯತ್ಯಾಸ ಹಾಗೇ ಉಳಿದುಕೊಳ್ಳಬಲ್ಲದು. ಇದರಲ್ಲಿ ನುಡಿಯುವ ಭಾಗದ ಪಾಲು ಎಷ್ಟು ಎಂಬುದನ್ನು ನಟ್ ಆಚೆಗಿನ ತಂತಿಯ ಉದ್ದ ನಿರ್ಧರಿಸುತ್ತದೆ. ಆ ಉದ್ದ 5 ಸೆಂಟಿಮೀಟರ್ ಇದ್ದರೆ ಸ್ವರ ಸುಮಾರು 2 ಸೆಂಟ್ ಸರಿಯುತ್ತದೆ, ಅಂದರೆ ಅರ್ಧಸ್ವರದ ನೂರರಲ್ಲಿ ಎರಡು ಭಾಗ. ಅದೇ 17 ಸೆಂಟಿಮೀಟರ್ ಇದ್ದರೆ 6 ಸೆಂಟ್ ದಾಟುತ್ತದೆ. ಒಂದು ತಂತಿ ಒತ್ತಿದ್ದರಿಂದ ಏರಿದ್ದು, ಪಕ್ಕದ್ದು ಬಾಗಿಸಿದ್ದರಿಂದ ಇಳಿದದ್ದು ಎಂದಾದರೆ ಅಂತರ ಇನ್ನೂ ಹಿಗ್ಗುತ್ತದೆ, ಒಟ್ಟಿಗೆ ನುಡಿಸಿದಾಗ ಒರಟು ಮಿಡಿತ ಸ್ಪಷ್ಟವಾಗಿ ಕೇಳುತ್ತದೆ. ಆರು ಟ್ಯೂನರ್‌ಗಳೂ ಒಂದೇ ಸಾಲಿನಲ್ಲಿರುವ ಫೆಂಡರ್ ಹೆಡ್‌ಸ್ಟಾಕಿನಲ್ಲಿ ತೆಳು ತಂತಿಗಳ ಟ್ಯೂನರ್‌ಗಳೇ ನಟ್‌ನಿಂದ ಅತಿ ದೂರ ಇರುವುದನ್ನು ಇಲ್ಲಿ ನೆನೆಯಬೇಕು. ಆ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗದೆ ಚಪ್ಪಟೆಯಾಗಿರುವುದೂ, ತಂತಿಗಳು ಪಕ್ಕಕ್ಕೆ ತಿರುಗದೆ ನೇರವಾಗಿ ಟ್ಯೂನರ್‌ಗೆ ಹೋಗುವುದೂ ಘರ್ಷಣೆ ತಗ್ಗಿಸುವ ಗುಣಗಳು. ಹೆಡ್‌ಸ್ಟಾಕ್ 17 ಡಿಗ್ರಿ ಹಿಂದಕ್ಕೆ ಬಾಗಿ, ತಂತಿಗಳು ಎರಡೂ ಬದಿಗೆ ಹರಡಿಕೊಳ್ಳುವ ಗಿಬ್ಸನ್ ಮಾದರಿಯ ಗಿಟಾರುಗಳಿಗೆ ಟ್ರೆಮೊಲೊ ಅಷ್ಟಾಗಿ ಒಗ್ಗದಿರುವುದಕ್ಕೆ ಒಂದು ದೊಡ್ಡ ಕಾರಣ ಇದೇ.

ಹಾಗಾದರೆ ಮೊದಲ ಕೆಲಸ ನಟ್‌ನಲ್ಲಿ. ಟ್ಯೂನರ್ ನಿಧಾನವಾಗಿ ತಿರುಗಿಸುವಾಗ ಸ್ವರ ನಯವಾಗಿ ಏರದೆ, ಸ್ವಲ್ಪ ಹೊತ್ತು ತಡೆದು, ಸಣ್ಣದಾಗಿ ಟಿಂಗ್ ಎಂದು ಒಮ್ಮೆಲೇ ಹಾರಿದರೆ ಆ ಗಾಡಿ ತಂತಿಯನ್ನು ಕಚ್ಚುತ್ತಿದೆ. ತಂತಿಯನ್ನು ಪಕ್ಕಕ್ಕೆ ಸರಿಸಿ ಬೆಳಕಿಗೆ ಹಿಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಸುರುಳಿ ಸುತ್ತಿದ ದಪ್ಪ ತಂತಿಗಳು ಗಾಡಿಯ ತಳದಲ್ಲಿ ಅರದ ಹಲ್ಲುಗಳಂಥ ಸಣ್ಣ ಗೀರುಗಳನ್ನು ಮೂಡಿಸಿರುತ್ತವೆ, ಸಾದಾ ತಂತಿಗಳು ದಾರದಂತೆ ತೆಳುವಾದ ಕಾಲುವೆ ಕೊರೆದಿರುತ್ತವೆ, ಬೆವರು ಮತ್ತು ತುಕ್ಕು ಸೇರಿದ ಕಪ್ಪು ಪುಡಿ ಮೂಲೆಯಲ್ಲಿ ಕೂತಿರುತ್ತದೆ. ಗಾಡಿ ತಂತಿಗಿಂತ ಒಂದು ಕೂದಲಷ್ಟು ಅಗಲವಾಗಿ, ತಳ ದುಂಡಾಗಿ, ಹೆಡ್‌ಸ್ಟಾಕ್ ಕಡೆಗೆ ಮೆಲ್ಲನೆ ಇಳಿಜಾರಾಗಿ ಇರಬೇಕು. 9ರ ಗೇಜಿಗೆ ಕೊರೆದ ನಟ್‌ಗೆ 11ರ ತಂತಿ ಹಾಕಿದರೆ ಅದು ಬದಿಗಳ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುವುದು ಖಂಡಿತ. ಅಳತೆಗೆ ತಕ್ಕ ಸಣ್ಣ ಅರದಿಂದ ಬದಿಗಳನ್ನು ಮಾತ್ರ ಸವರಿ, ತೀರ ನಯವಾದ ಮರಳುಕಾಗದದಿಂದ ಉಜ್ಜಿ ಹೊಳಪು ತರಬೇಕು. ಇಲ್ಲಿ ಆತುರ ಸಲ್ಲದು. ತಳವನ್ನು ಹೆಚ್ಚು ಸವೆಸಿದರೆ ತಂತಿ ಮೊದಲ ಫ್ರೆಟ್‌ಗೆ ತಾಗಿ ಗರಗರ ಅನ್ನುತ್ತದೆ, ಆಮೇಲೆ ಹೊಸ ನಟ್ ಕೂರಿಸುವುದೇ ದಾರಿ. ಕೊನೆಗೆ ಮೆತ್ತನೆಯ ಪೆನ್ಸಿಲ್‌ನ ಸೀಸದ ಪುಡಿಯನ್ನು ಗಾಡಿಗೆ ತುಂಬುವುದು ಎಲ್ಲೆಡೆ ನಡೆದುಬಂದ ಕ್ರಮ. ಪೆನ್ಸಿಲ್‌ನಲ್ಲಿರುವುದು ಗ್ರಾಫೈಟ್, ಒಳ್ಳೆಯ ಒಣ ಜಾರುಪದಾರ್ಥ. ತಂತಿ ಬದಲಿಸುವಾಗಲೆಲ್ಲ ಇದನ್ನು ಹೊಸದಾಗಿ ಹಾಕಬೇಕು. ಕಚ್ಚುವ ಗಾಡಿಗೆ ಅರ ತಾಗಿಸದೆ ಬರೀ ಪುಡಿ ಸುರಿದರೆ ಗುಣ ಒಂದೆರಡು ದಿನ ಮಾತ್ರ.

ತಂತಿಯ ದಾರಿಯಲ್ಲಿ ನಟ್ ನಂತರ ಬರುವುದು ಸ್ಟ್ರಿಂಗ್ ಟ್ರೀ, ಅಂದರೆ ಚಪ್ಪಟೆ ಹೆಡ್‌ಸ್ಟಾಕಿನಲ್ಲಿ ತೆಳು ತಂತಿಗಳನ್ನು ಕೆಳಕ್ಕೆ ಹಿಡಿದಿಡುವ ಪುಟ್ಟ ಕೊಕ್ಕೆ. ಅದರ ಕೆಳಮೈ ಒರಟಾಗಿದ್ದರೆ ಅದೂ ಇನ್ನೊಂದು ನಟ್‌ನಂತೆ ವರ್ತಿಸುತ್ತದೆ. ಹೊಳಪು ಕೊಟ್ಟು, ತೀರ ಕೆಳಗೆ ಎಳೆಯದಂತೆ ಕೂರಿಸಿದರೆ ಸಾಕು. ಟ್ಯೂನರ್‌ಗಳ ವಿಷಯದಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ತಂತಿಯನ್ನು ಕಂಬದಲ್ಲೇ ಕಚ್ಚಿ ಹಿಡಿಯುವ ಲಾಕಿಂಗ್ ಟ್ಯೂನರ್ ಹಾಕಿಸಿದ ಮೇಲೆ ಶ್ರುತಿ ನಿಂತಿತು ಎಂದು ಹೇಳುವವರು ಬಹಳ ಮಂದಿ ಇದ್ದಾರೆ, ಹಾಗಿದ್ದರೆ ತಪ್ಪು ಟ್ಯೂನರ್‌ನದೇ ಅಲ್ಲವೇ? ಅವರ ಅನುಭವ ನಿಜ. ಆದರೆ ಟ್ಯೂನರ್‌ನ ಹಲ್ಲುಚಕ್ರ ಸಾಮಾನ್ಯವಾಗಿ ಜಾರುವುದಿಲ್ಲ. ಕಂಬದ ಮೇಲೆ ಐದಾರು ಸುತ್ತು ಒಂದರ ಮೇಲೊಂದು ಹತ್ತಿಕೊಂಡ ತಂತಿ ಬಾರ್ ಒತ್ತಿದಾಗ ಸಡಿಲವಾಗಿ, ಮತ್ತೆ ಬಿಗಿಯುವಾಗ ಬೇರೆ ರೀತಿಯಲ್ಲಿ ಕೂರುತ್ತದೆ. ಲಾಕಿಂಗ್ ಟ್ಯೂನರ್ ಆ ಸುತ್ತುಗಳನ್ನೇ ಇಲ್ಲವಾಗಿಸುತ್ತದೆ. ಸಾದಾ ಟ್ಯೂನರ್‌ನಲ್ಲೂ ಎರಡು ಮೂರು ಸುತ್ತನ್ನು ಒಂದರ ಕೆಳಗೊಂದು ಒತ್ತಾಗಿ ಸುತ್ತಿದರೆ ಹೆಚ್ಚುಕಡಿಮೆ ಅದೇ ಫಲ ಸಿಗುತ್ತದೆ, ಖರ್ಚಿಲ್ಲದೆ. ನಟ್ ಕಚ್ಚುತ್ತಿದ್ದರೆ ಮಾತ್ರ ಎಷ್ಟೇ ಬೆಲೆಯ ಟ್ಯೂನರ್ ಕೂಡ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ತುದಿಯಲ್ಲಿ, ಬ್ರಿಡ್ಜಿನ ಲೋಹದ ದಿಮ್ಮಿಯೊಳಗೆ ತಂತಿಯ ಗುಂಡು ಪೂರ್ತಿ ಕೂತಿರಬೇಕು. ಹೊಸ ತಂತಿ ಹಾಕಿದಾಗ ಪ್ರತಿಯೊಂದನ್ನೂ ಕೈಯಿಂದ ಹಿತವಾಗಿ ಎಳೆದು ಗುಂಡನ್ನೂ ಸುತ್ತನ್ನೂ ನೆಲೆಗೊಳಿಸದಿದ್ದರೆ ಆ ಕೆಲಸವನ್ನು ಬಾರ್ ವೇದಿಕೆಯ ಮೇಲೆ ಮಾಡುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಉಪ್ಪು ತೇವದ ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿ ನಟ್‌ನ ತೊಂದರೆಯೂ ಬೇಗ ತಲೆಯೆತ್ತುತ್ತದೆ.

ಆರೂ ತಂತಿಗಳು ಒಟ್ಟಿಗೆ ತಪ್ಪಿದರೆ ಗಮನ ಅಲುಗಿಗೆ ತಿರುಗಬೇಕು. ಹಳೆಯ ಮಾದರಿಯಲ್ಲಿ ಬ್ರಿಡ್ಜ್ ಫಲಕದ ಮುಂಬದಿ ಆರು ಸ್ಕ್ರೂಗಳಿಗೆ ಒರಗಿ ವಾಲುತ್ತದೆ. 1986ರ ಕೊನೆಯಿಂದ ಬಂದ ಅಮೆರಿಕನ್ ಸ್ಟ್ಯಾಂಡರ್ಡ್ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಎರಡೇ ಕಂಬಗಳಿಗೆ. ಆರು ಸ್ಕ್ರೂಗಳದ್ದರಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ ಸ್ಕ್ರೂ ಸಡಿಲವಿದೆ ಎಂದು ಭಾವಿಸಿ ಬಿಗಿದುಬಿಡುವುದು. ಈ ಸ್ಕ್ರೂಗಳು ಫಲಕವನ್ನು ಒತ್ತಿ ಹಿಡಿಯಲು ಇರುವವಲ್ಲ, ಅದಕ್ಕೆ ಒರಗು ಕೊಡಲು ಇರುವವು. ತಲೆ ಫಲಕಕ್ಕೆ ತಾಗಿಯೂ ತಾಗದಂತಿರಬೇಕು. ಎರಡು ತುದಿಯ ಸ್ಕ್ರೂಗಳನ್ನು ಮಾತ್ರ ಒರಗಾಗಿ ಇಟ್ಟು ನಡುವಿನ ನಾಲ್ಕನ್ನು ಸ್ವಲ್ಪ ಮೇಲೆತ್ತುವ ಪದ್ಧತಿಯೂ ಇದೆ, ಅದು ಒಳ್ಳೆಯ ಪದ್ಧತಿ: ಆರು ಸಂಪರ್ಕಗಳು ಒಂದೇ ಗೆರೆಯಲ್ಲಿ ಕೂರುವುದು ಕಷ್ಟ, ಎರಡು ಸಂಪರ್ಕಗಳು ಎಂದೂ ಒಂದೇ ಗೆರೆಯಲ್ಲೇ ಇರುತ್ತವೆ. ಎರಡು ಕಂಬಗಳ ಮಾದರಿಯಲ್ಲಿ ತಂತಿಗಳ ಪೂರ್ತಿ ಎಳೆತ ಇರುವಾಗ ಕಂಬವನ್ನು ತಿರುಗಿಸಿ ಎತ್ತರ ಬದಲಿಸಬಾರದು. ಅಲುಗು ಕಂಬದ ಗಾಡಿಗೆ ಉಜ್ಜಿ ಮೊಂಡಾಗುತ್ತದೆ, ಒಮ್ಮೆ ಮೊಂಡಾದ ಅಲುಗು ಎರಡು ಬೇರೆ ಬೇರೆ ಜಾಗಗಳಲ್ಲಿ ನಿಲ್ಲಲು ಕಲಿಯುತ್ತದೆ. ಒತ್ತಿ ಬಿಟ್ಟಾಗ ಒಂದು ಸ್ವರ, ಎಳೆದು ಬಿಟ್ಟಾಗ ಇನ್ನೊಂದು, ಆರೂ ತಂತಿಗಳಲ್ಲಿ ಒಂದೇ ರೀತಿ, ಎಷ್ಟು ಸಲ ಮಾಡಿದರೂ ಅದೇ ಎಂದಾದರೆ ಅದು ಮೊಂಡು ಅಲುಗಿನ ಗುರುತು. ಭಾಗವನ್ನು ಬದಲಿಸಲೇಬೇಕಾದ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಸ್ಪ್ರಿಂಗ್‌ಗಳ ಮೇಲಿನ ಆರೋಪ ಬಹುಪಾಲು ಹುರುಳಿಲ್ಲದ್ದು. ಉಕ್ಕಿನ ಸ್ಪ್ರಿಂಗ್ ಇಲ್ಲಿ ತನ್ನ ಮಿತಿಯೊಳಗೇ ಹಿಗ್ಗುತ್ತದೆ, ಸೋತುಹೋಗುವುದು ಅಪರೂಪ. ಆದರೆ ಅವುಗಳ ಹೊಂದಿಕೆ ಮುಖ್ಯ. ಗಿಟಾರಿನ ಹಿಂಬದಿಯ ಮುಚ್ಚಳ ತೆಗೆದರೆ ಸ್ಪ್ರಿಂಗ್‌ಗಳನ್ನು ಹಿಡಿದ ಉಗುರಿನಂಥ ಪಟ್ಟಿಯೂ ಅದನ್ನು ಮರಕ್ಕೆ ಬಿಗಿದ ಎರಡು ಉದ್ದ ಸ್ಕ್ರೂಗಳೂ ಕಾಣುತ್ತವೆ. ಸ್ಕ್ರೂ ಬಿಗಿದರೆ ಬ್ರಿಡ್ಜ್ ಒಡಲಿಗೆ ಹತ್ತಿರ ಬರುತ್ತದೆ, ಸಡಿಲಿಸಿದರೆ ಹಿಂಬದಿ ಮೇಲೇಳುತ್ತದೆ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿಯೇ ಫಲ ನೋಡಬೇಕು. ಫೆಂಡರ್ ಕಂಪನಿ ಸೂಚಿಸುವ ಎತ್ತರ ಬ್ರಿಡ್ಜಿನ ಹಿಂಬದಿಯಲ್ಲಿ 3.2 ಮಿಲಿಮೀಟರ್. ಈ ಸ್ಥಾನದಲ್ಲಿ ಬ್ರಿಡ್ಜ್ ಒಡಲಿನಿಂದ ಮೇಲೆದ್ದು ತೇಲುತ್ತದೆ, ಬಾರ್ ಎರಡೂ ಕಡೆಗೆ ಆಡುತ್ತದೆ. ಗಿಟಾರ್ ವಾದಕ ಕಾರ್ಲ್ ವರ್ಹೇಯನ್ ಪಟ್ಟಿಯನ್ನು ಓರೆಯಾಗಿ ಕೂರಿಸಿ, ಬಾರ್ ಪೂರ್ತಿ ಎಳೆದಾಗ ತೆಳುವಾದ ಮೂರು ತಂತಿಗಳು ಕ್ರಮವಾಗಿ ಅರ್ಧ ಸ್ವರ, ಒಂದು ಸ್ವರ, ಒಂದೂವರೆ ಸ್ವರ ಏರುವಂತೆ ಹೊಂದಿಸುವುದನ್ನು ಪ್ರಚಾರಕ್ಕೆ ತಂದರು. ಸ್ಪ್ರಿಂಗ್ ಮೂರೋ ಐದೋ ಎಂಬ ಚರ್ಚೆಗೂ ಘರ್ಷಣೆಯ ದೃಷ್ಟಿಯಿಂದ ಉತ್ತರವಿದೆ: ಐದು ಹಾಕಿ ಪಟ್ಟಿ ಸಡಿಲಿಸಿದರೆ ಬಾರ್ ಗಡುಸಾಗುತ್ತದೆ, ಆದರೆ ಅಲುಗಿನಲ್ಲಿ ಅಷ್ಟೇ ಘರ್ಷಣೆ ಇದ್ದರೂ ಬ್ರಿಡ್ಜನ್ನು ಅದರ ಜಾಗಕ್ಕೆ ತಳ್ಳುವ ಬಲ ಹೆಚ್ಚಿರುವುದರಿಂದ ತಪ್ಪು ಕಡಿಮೆ.

ಎಲ್ಲವನ್ನೂ ಗಟ್ಟಿಯಾಗಿ ಹಿಡಿದುಬಿಟ್ಟರೆ ಇಷ್ಟೆಲ್ಲ ಸೂಕ್ಷ್ಮಗಳೇಕೆ ಎಂಬುದು ಬಲವಾದ ಆಕ್ಷೇಪ. ಫ್ಲಾಯ್ಡ್ ರೋಸ್ ಮಾಡಿದ್ದು ಅದನ್ನೇ. 1970ರ ದಶಕದ ಉತ್ತರಾರ್ಧದಲ್ಲಿ ಅವರು ತಂತಿಗಳನ್ನು ನಟ್‌ನಲ್ಲೇ ಸ್ಕ್ರೂ ಹಾಕಿ ಬಿಗಿಯುವ ವ್ಯವಸ್ಥೆ ರೂಪಿಸಿದರು. 1979ರಲ್ಲಿ ಪೇಟೆಂಟ್ ಸಿಕ್ಕಿತು, ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅದನ್ನು ಮೊದಮೊದಲು ಬಳಸಿದವರಲ್ಲಿ ಒಬ್ಬರು. ನಟ್‌ನ ಆಚೆಗೆ ತಂತಿಯ ಪಾಲೇ ಇಲ್ಲವಾದ್ದರಿಂದ ಮೇಲಿನ ಲೆಕ್ಕದ ತಪ್ಪು ಸೊನ್ನೆಗೆ ಇಳಿಯುತ್ತದೆ, ತಂತಿಗಳು ಜೋತುಬೀಳುವಷ್ಟು ಬಾರ್ ಒತ್ತಿದರೂ ಶ್ರುತಿ ಮರಳುತ್ತದೆ. ಬ್ರಿಡ್ಜನ್ನಾಗಲಿ ಸ್ಪ್ರಿಂಗನ್ನಾಗಲಿ ಘನವಾಗಿಸಿದ್ದರಿಂದ ಈ ಗೆಲುವು ಬರಲಿಲ್ಲ. ನಟ್‌ನ ಜಾರಾಟವನ್ನು ತಡೆದದ್ದರಿಂದ ಬಂದಿತು, ಇಲ್ಲಿನ ವಾದಕ್ಕೆ ಇದಕ್ಕಿಂತ ನೇರ ಪುರಾವೆ ಸಿಗಲಾರದು. ಆದರೆ ಬಿಗಿದ ನಟ್‌ನಿಂದಾಗಿ ಟ್ಯೂನರ್‌ಗಳು ನಿರುಪಯೋಗಿಯಾದವು, ಬ್ರಿಡ್ಜಿನಲ್ಲೇ ಸೂಕ್ಷ್ಮ ಟ್ಯೂನರ್‌ಗಳನ್ನು ಆಮೇಲೆ ಸೇರಿಸಬೇಕಾಯಿತು. ತಂತಿ ಬದಲಿಸುವುದು ತಾಳ್ಮೆಯ ಕೆಲಸವಾಯಿತು, ಸಮತೋಲದ ಸ್ವಭಾವ ಹಾಗೇ ಉಳಿಯಿತು. ಇನ್ನೊಂದು ತುದಿಯಲ್ಲಿ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಇದ್ದಾರೆ: ಬ್ರಿಡ್ಜಿನ ದಿಮ್ಮಿಗೆ ಮರದ ತುಂಡು ಅಡ್ಡಕೊಟ್ಟು ಅಲುಗಾಟವನ್ನೇ ನಿಲ್ಲಿಸಿದವರು. ಬಾರ್ ಬೇಡದವರಿಗೆ ಇದು ಪ್ರಾಮಾಣಿಕವಾದ ಪರಿಹಾರ, ದುರಸ್ತಿಯಲ್ಲ. ಜಿಮಿ ಹೆಂಡ್ರಿಕ್ಸ್ ಸಾದಾ ಬ್ರಿಡ್ಜಿನಲ್ಲೇ ಎಲ್ಲವನ್ನೂ ಮಾಡಿದರಲ್ಲ ಎನ್ನುವವರು ಅವರ ಕಛೇರಿಗಳ ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಬೇಕು. ಹಾಡುಗಳ ನಡುವೆ, ಕೆಲವೊಮ್ಮೆ ಹಾಡಿನ ಮಧ್ಯದಲ್ಲೇ, ಅವರು ಶ್ರುತಿ ಸರಿಪಡಿಸಿಕೊಳ್ಳುತ್ತಲೇ ಇರುತ್ತಾರೆ. ನಡುವಿನ ದಾರಿ ಜೆಫ್ ಬೆಕ್ ಅವರದು. 1991ರಲ್ಲಿ ಅವರ ಹೆಸರಿನಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ತಂತಿ ಉಜ್ಜುವ ಬದಲು ಉರುಳುವಂತೆ ರೋಲರ್ ನಟ್ ಹಾಕಲಾಗಿತ್ತು. ಬ್ರಿಡ್ಜನ್ನು ಪೂರ್ತಿ ತೇಲಿಸಿ, ಬಾರ್‌ನಿಂದಲೇ ರಾಗದ ಎಳೆಗಳನ್ನು ಬಿಡಿಸಿದ ಕಲಾವಿದ ಆರಿಸಿಕೊಂಡದ್ದು ನಟ್‌ನ ಘರ್ಷಣೆ ತಗ್ಗಿಸುವ ಉಪಾಯವನ್ನು.

ಬಿಸಿಯೂ ತಂಪೂ ಶ್ರುತಿ ಕೆಡಿಸುತ್ತವೆ ಎಂಬುದು ನಿಜ, ಆದರೆ ಇಲ್ಲಿ ತೇಲುವ ಬ್ರಿಡ್ಜಿಗೆ ಒಂದು ಅನುಕೂಲವೇ ಇದೆ. ರಂಗದ ದೀಪಗಳಿಂದ ತಂತಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅಲುಗದ ಬ್ರಿಡ್ಜಿನಲ್ಲಿ 10ರ ಗೇಜಿನ ತೆಳು ತಂತಿ ಸುಮಾರು 14 ಸೆಂಟ್ ಇಳಿಯುತ್ತದೆ, ದಪ್ಪ ತಂತಿಗಳು ಇನ್ನೂ ಹೆಚ್ಚು. ತೇಲುವ ಬ್ರಿಡ್ಜಿನಲ್ಲಿ ಎಲ್ಲ ತಂತಿಗಳೂ ಒಟ್ಟಿಗೆ ಹಿಗ್ಗಿದಾಗ ಸ್ಪ್ರಿಂಗ್‌ಗಳು ಆ ಸಡಿಲವನ್ನು ಸ್ವಲ್ಪಮಟ್ಟಿಗೆ ಎಳೆದುಕೊಳ್ಳುತ್ತವೆ. ಘರ್ಷಣೆ ಹಾಗಲ್ಲ, ಅದನ್ನು ಯಾವ ಸ್ಪ್ರಿಂಗೂ ಸರಿದೂಗಿಸುವುದಿಲ್ಲ. ಎಷ್ಟೇ ಉಜ್ಜಿ ನಯಗೊಳಿಸಿದರೂ ಒಂದಿಷ್ಟು ಉಳಿದೇ ಉಳಿಯುತ್ತದೆ, ಅದಕ್ಕೆ ನುಡಿಸುವ ಕ್ರಮದಲ್ಲೇ ಉಪಾಯವಿದೆ. ಬಾರ್ ಒಮ್ಮೆ ಪೂರ್ತಿ ಒತ್ತಿ ಬಿಟ್ಟು, ಆ ನಿಲುವಿನಲ್ಲೇ ಶ್ರುತಿ ಮಾಡಬೇಕು. ಆಮೇಲೆ ಪ್ರತಿ ಸಲ ಬಾರ್ ಒತ್ತಿ ಬಿಟ್ಟಾಗಲೂ ತಂತಿಗಳು ಅದೇ ಬದಿಯಿಂದ ಬಂದು ಅದೇ ಜಾಗದಲ್ಲಿ ನಿಲ್ಲುತ್ತವೆ. ಬಾರ್ ಎಳೆದೋ ತಂತಿ ಬಾಗಿಸಿಯೋ ಸ್ವರ ಇಳಿದು ನಿಂತರೆ, ಮುಂದಿನ ಸ್ವರಕ್ಕೆ ಮೊದಲು ಬಾರ್ ಅನ್ನು ಒಮ್ಮೆ ಚುರುಕಾಗಿ ಒತ್ತಿ ಬಿಟ್ಟರೆ ಅದು ಮತ್ತೆ ಆ ಜಾಗಕ್ಕೆ ಬರುತ್ತದೆ.